ಹೊರದೇಶಕ್ಕೆ ಹೊರಟವರು ಇಂಗ್ಲಿಷಿನ ಯಾವ ಪುಟ್ಟ ಪದಗಳನ್ನು ಮೊದಲು ಕಲಿಯಬೇಕು?

ನಿಮ್ಮ ಪತ್ರ ಓದಿದೆ. ಹೊರದೇಶದಲ್ಲಿ ಬದುಕು ಹೇಗಿರುತ್ತೆ ಅಂತ ಶುರು ಮಾಡಿ, ಕೊನೆಗೆ ನಿಜವಾದ ಚಿಂತೆ ಬರೆದಿದ್ದೀರಿ: "ಅಕ್ಕಾ, ಇಂಗ್ಲಿಷ್ ಓದೋಕೆ ಬರೆಯೋಕೆ ಬರುತ್ತೆ. ಆದ್ರೆ ಅಟ್, ಆನ್, ಇನ್, ಬೈ ಬಂದ ಕೂಡಲೇ ಗೊಂದಲ ಆಗುತ್ತೆ. ಬಾಯಿಪಾಠ ಮಾಡೋಕೆ ಒಂದು ಪಟ್ಟಿ ಇದ್ರೆ ಕೊಡಿ." ನಾನು ಇಲ್ಲಿ ನೆಲೆಸಿ ಬಹಳ ಕಾಲವಾಯಿತು. ಹೊಸಬರು ನನ್ನ ಹತ್ತಿರ ತರುವ ಕಾಗದಗಳಲ್ಲಿ ಅವರನ್ನು ಎಡವಿಸುವುದು ಹೆಚ್ಚಾಗಿ ದೊಡ್ಡ ಪದಗಳಲ್ಲ, ಇವೇ.

ಪಟ್ಟಿ ಬೇಕಾದಷ್ಟು ಸಿಗುತ್ತವೆ. ಆದರೆ ಪಟ್ಟಿಯಲ್ಲಿ ಎಲ್ಲ ಸಾಲಿಗೂ ಒಂದೇ ಬೆಲೆ, ಬದುಕಿನಲ್ಲಿ ಹಾಗಿಲ್ಲ. ಕೆಲವು ಕಡೆ ಈ ಪುಟ್ಟ ಪದ, ಅಂದರೆ ಪ್ರಿಪೊಸಿಷನ್, ತಪ್ಪಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇನ್ನು ಕೆಲವು ಕಡೆ ತಪ್ಪು ತಿಳಿದರೆ ಗಡುವು ಮೀರುತ್ತದೆ, ದುಡ್ಡು ಹೋಗುತ್ತದೆ, ಇನ್ನೂ ಖಾತ್ರಿಯಾಗದ ಕೆಲಸ ನಂಬಿ ಇದ್ದ ಕೆಲಸ ಬಿಟ್ಟಂತಾಗುತ್ತದೆ. ಈ ಎರಡನೆಯ ಗುಂಪನ್ನು ಮೊದಲು ಕಲಿಯಿರಿ. ಉಳಿದದ್ದು ಕಿವಿಗೆ ಬಿದ್ದು ಬಿದ್ದು ತಾನಾಗೇ ಬರುತ್ತದೆ.

ಗೊಂದಲ ಆಗುವುದಕ್ಕೆ ಕಾರಣ ಇದೆ. ಕನ್ನಡದಲ್ಲಿ ಈ ಕೆಲಸವನ್ನು ಮಾಡುವುದು ವಿಭಕ್ತಿ ಪ್ರತ್ಯಯ. ನಮ್ಮ ಒಂದು ಪ್ರತ್ಯಯಕ್ಕೆ ಇಂಗ್ಲಿಷಿನಲ್ಲಿ ನಾಲ್ಕೈದು ಪದ ಬೇಕಾಗುತ್ತವೆ. 'ಇಂದ' ನೋಡಿ. ಮನೆಯಿಂದ ಬಂದೆ ಅಂದರೆ ಫ್ರಮ್. ಪೆನ್ನಿನಿಂದ ಬರೆದೆ ಅಂದರೆ ವಿತ್. ಸೋಮವಾರದಿಂದ ಜ್ವರ ಅಂದರೆ ಸಿನ್ಸ್. ಮೂರು ದಿನದಿಂದ ಜ್ವರ ಅಂದರೆ ಫಾರ್. ಕೊನೆಯ ಎರಡೂ ನಮಗೆ ಒಂದೇ, ಹಾಗಾಗಿ 'ಸಿನ್ಸ್ ತ್ರೀ ಡೇಸ್' ಅಂತ ಬಾಯಿಗೆ ಬಂದುಬಿಡುತ್ತದೆ. ಯಾವಾಗ ಶುರುವಾಯಿತು ಅಂತ ಹೇಳುವಾಗ ಸಿನ್ಸ್, ಎಷ್ಟು ಕಾಲ ಅಂತ ಹೇಳುವಾಗ ಫಾರ್. 'ಅಲ್ಲಿ' ಕೂಡ ಹಾಗೇ. ಕಾರಲ್ಲಿ, ಬಸ್ಸಲ್ಲಿ, ಸ್ಟಾಪಲ್ಲಿ ಅಂತ ನಾವು ಒಂದೇ ಥರ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಇನ್ ದ ಕಾರ್, ಆನ್ ದ ಬಸ್, ಅಟ್ ದ ಸ್ಟಾಪ್. ಒಳಗೆ ಎದ್ದು ಓಡಾಡಬಹುದಾದ ಬಸ್ಸು, ರೈಲು, ವಿಮಾನಕ್ಕೆ ಆನ್. ಕೂತೇ ಇರಬೇಕಾದ ಕಾರು, ಟ್ಯಾಕ್ಸಿಗೆ ಇನ್. ಮೇಲೆ ಹತ್ತಿ ಕೂರುವ ಸೈಕಲ್ಲಿಗೆ ಮತ್ತೆ ಆನ್.

ತಪ್ಪಿದರೂ ನಡೆಯುವಂಥವು ಯಾವುವು ಅಂತ ಬೇಗ ಹೇಳಿಬಿಡುತ್ತೇನೆ. 'ಅವನ ಮೇಲೆ ಕೋಪ' ಅನ್ನುವ ನಾವು 'ಆಂಗ್ರಿ ಆನ್ ಹಿಮ್' ಅನ್ನುತ್ತೇವೆ, ಅವರು 'ಆಂಗ್ರಿ ವಿತ್ ಹಿಮ್' ಅಥವಾ 'ಅಟ್ ಹಿಮ್' ಅನ್ನುತ್ತಾರೆ. 'ಮ್ಯಾರೀಡ್ ವಿತ್' ಅಲ್ಲ, 'ಮ್ಯಾರೀಡ್ ಟು'. 'ಗುಡ್ ಇನ್ ಡ್ರಾಯಿಂಗ್' ಅಲ್ಲ, 'ಗುಡ್ ಅಟ್ ಡ್ರಾಯಿಂಗ್'. ಡಿಸ್ಕಸ್ ಅಂದ ಮೇಲೆ ಅಬೌಟ್ ಬೇಡ. ಇವನ್ನೆಲ್ಲ ತಪ್ಪು ಹೇಳಿದರೂ ಕೇಳಿದವರಿಗೆ ಅರ್ಥ ಆಗೇ ಆಗುತ್ತದೆ. ಇದಕ್ಕೆ ಹೆದರಿ ಬಾಯಿ ಮುಚ್ಚಿ ಕೂರಬೇಡಿ. ಹಾಗೆ ಸುಮ್ಮನಾದವರನ್ನು ನೋಡಿದ್ದೇನೆ, ಅವರಿಗೆ ಆಗುವ ನಷ್ಟವೇ ಜಾಸ್ತಿ.

ಎಚ್ಚರ ಬೇಕಾದ್ದು 'ಬೈ' ಮತ್ತು 'ಅಂಟಿಲ್' ಹತ್ತಿರ. 'ಸಬ್ಮಿಟ್ ಬೈ ಫ್ರೈಡೇ' ಅಂದರೆ ಶುಕ್ರವಾರದೊಳಗೆ ಕೊಡಿ. ಬುಧವಾರ ಕೊಟ್ಟರೂ ಸರಿ, ಶನಿವಾರ ಕೊಟ್ಟರೆ ಆಗದು. 'ಓಪನ್ ಅಂಟಿಲ್ ಫ್ರೈಡೇ' ಅಂದರೆ ಶುಕ್ರವಾರದವರೆಗೂ ತೆರೆದಿರುತ್ತದೆ. ಒಂದು ಸಲ ಮಾಡಿ ಮುಗಿಸುವ ಕೆಲಸಕ್ಕೆ ಬೈ, ಅಲ್ಲಿಯವರೆಗೂ ಹಾಗೇ ಮುಂದುವರಿಯುವುದಕ್ಕೆ ಅಂಟಿಲ್. ನಮ್ಮ 'ಒಳಗೆ', 'ವರೆಗೆ' ಇದೇ ವ್ಯತ್ಯಾಸ ತೋರಿಸುತ್ತವೆ, ಅಷ್ಟರ ಮಟ್ಟಿಗೆ ಕನ್ನಡವೇ ಸಹಾಯಕ್ಕೆ ಬರುತ್ತದೆ. ಆದರೆ 'ಒಳಗೆ' ಅಂತ 'ವಿದಿನ್ ಫ್ರೈಡೇ' ಅನ್ನಬೇಡಿ. ವಿದಿನ್ ಆದ ಮೇಲೆ ಅವಧಿ ಬರಬೇಕು: ವಿದಿನ್ 14 ಡೇಸ್. ಹಾಗೆ ಬರೆದ ಪತ್ರ ಬಂದರೆ, ಯಾವ ದಿನದಿಂದ 14 ಎಣಿಸಬೇಕು ಅಂತ ಮೊದಲು ಹುಡುಕಿ. ಪತ್ರದ ಮೇಲಿನ ತಾರೀಖಿನಿಂದಲೋ, ನಿಮ್ಮ ಕೈಗೆ ಬಂದ ದಿನದಿಂದಲೋ? 'ಆಫ್ ದ ಡೇಟ್ ಆಫ್ ದಿಸ್ ಲೆಟರ್' ಅಂತಿದ್ದರೆ ಮೊದಲನೆಯದು, 'ಆಫ್ ರಿಸೀಟ್' ಅಂತಿದ್ದರೆ ಎರಡನೆಯದು. ಅಂಚೆಯಲ್ಲಿ ಪತ್ರ ನಾಲ್ಕು ದಿನ ತಡವಾದರೆ ಆ ನಾಲ್ಕು ದಿನ ಯಾರದ್ದು ಅನ್ನುವುದು ಈ ಪದಗಳ ಮೇಲೇ ನಿಂತಿದೆ.

ಅಂಟಿಲ್‌ನಲ್ಲಿ ಅವರಿಗೂ ಅನುಮಾನ ಬರುವ ಜಾಗ ಒಂದಿದೆ. 'ಆನ್ ಲೀವ್ ಅಂಟಿಲ್ ಮಂಡೇ' ಅಂತ ಮೇಲ್ ಬರುತ್ತದೆ. ಸೋಮವಾರ ಕೆಲಸಕ್ಕೆ ಬರ್ತಾರಾ, ಇಲ್ಲ ಸೋಮವಾರವೂ ರಜೆಯಾ? ನಮ್ಮ ಆಫೀಸಿನಲ್ಲಿ ಇಂಗ್ಲಿಷೇ ಮಾತೃಭಾಷೆ ಆದವರೂ ಇದನ್ನು ಕೇಳಿದ್ದುಂಟು. ನಾನಂತೂ 'ಬ್ಯಾಕ್ ಆನ್ ಟ್ಯೂಸ್ಡೇ' ಅಂತ ಬಂದು ಸೇರುವ ದಿನವನ್ನೇ ಬರೆಯುತ್ತೇನೆ. ಅಮೆರಿಕದವರು 'ಮಂಡೇ ಥ್ರೂ ಫ್ರೈಡೇ' ಅಂದರೆ ಶುಕ್ರವಾರವೂ ಸೇರಿತು ಅಂತಲೇ ಅರ್ಥ, ಅಲ್ಲಿ ಅನುಮಾನವಿಲ್ಲ. ಮೀಟಿಂಗನ್ನು ಎರಡು ದಿನ 'ಫಾರ್ವರ್ಡ್' ಮಾಡಿದ್ದೇವೆ ಅಂದರೆ ಮಾತ್ರ ಕೆಲವರಿಗೆ ಹಿಂದಿನ ದಿನ ತೋಚುತ್ತದೆ, ಕೆಲವರಿಗೆ ಮುಂದಿನ ದಿನ. ನಾಚಿಕೆಪಡದೆ ತಾರೀಖು ಕೇಳಿ.

ಗಡಿಯಾರದ ಮಾತಿನಲ್ಲೂ ಹೀಗೇ. 'ಟೆನ್ ಟು ಫೈವ್' ಅಂದರೆ 4:50. ಅಮೆರಿಕದಲ್ಲಿ ಕೆಲವರು ಅದನ್ನೇ 'ಟೆನ್ ಆಫ್ ಫೈವ್' ಅನ್ನುತ್ತಾರೆ. ಬ್ರಿಟನ್ನಿನಲ್ಲಿ 'ಹಾಫ್ ಫೈವ್' ಅಂದರೆ 5:30, ನಡುವಿನ ಪಾಸ್ಟ್ ಬಿಟ್ಟಿರುತ್ತಾರೆ ಅಷ್ಟೇ. 'ಆನ್ ಟೈಮ್' ಅಂದರೆ ಹೇಳಿದ ಹೊತ್ತಿಗೆ ಸರಿಯಾಗಿ. 'ಇನ್ ಟೈಮ್' ಅಂದರೆ ಕೈ ಮೀರುವ ಮುಂಚೆ. ಇನ್ನು ನಾವು 'ಹತ್ತು ನಿಮಿಷ ಬಿಟ್ಟು ಫೋನ್ ಮಾಡ್ತೀನಿ' ಅನ್ನುವುದಕ್ಕೆ 'ಆಫ್ಟರ್ ಟೆನ್ ಮಿನಿಟ್ಸ್' ಅನ್ನುತ್ತೇವೆ, ಅವರು 'ಇನ್ ಟೆನ್ ಮಿನಿಟ್ಸ್' ಅನ್ನುತ್ತಾರೆ.

ಈಗ ಕೆಲಸದ ಕಾಗದ. ಆಫರ್ ಲೆಟರ್‌ನಲ್ಲಿ 'ಸಬ್ಜೆಕ್ಟ್ ಟು' ಅಂತ ಎಲ್ಲಾದರೂ ಇದ್ದರೆ ಅಲ್ಲಿ ನಿಲ್ಲಿ. 'ಸಬ್ಜೆಕ್ಟ್ ಟು ರೆಫರೆನ್ಸಸ್' ಅಂದರೆ ಹಿಂದೆ ಕೆಲಸ ಮಾಡಿದ ಕಡೆಯಿಂದ ಒಳ್ಳೆಯ ಮಾತು ಬಂದರೆ ಮಾತ್ರ ಈ ಕೆಲಸ ನಿಮಗೆ. ಅದು ಬರುವವರೆಗೆ ಇದ್ದ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಅಮೆರಿಕದ ಪತ್ರಗಳಲ್ಲಿ 'ಅಟ್ ವಿಲ್' ಅಂತ ಇರುತ್ತದೆ. ಯಾವಾಗ ಬೇಕಾದರೂ ನೀವು ಬಿಡಬಹುದು, ಅವರೂ ಬಿಡಿಸಬಹುದು ಅಂತ ಅರ್ಥ. ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಇದೇ ಸಾಮಾನ್ಯ ನಿಯಮ. 'ಪೇ ಇನ್ ಲ್ಯೂ ಆಫ್ ನೋಟಿಸ್' ಅಂದರೆ ನೋಟಿಸ್ ಅವಧಿಯ ಸಂಬಳ ಕೈಗಿಟ್ಟು, ಅಷ್ಟು ದಿನ ಕೆಲಸ ಮಾಡಿಸದೆ ಕಳಿಸುವುದು. 'ಇನ್ ರೈಟಿಂಗ್' ಅಂತಿದ್ದರೆ ಬಾಯಿಮಾತು ನಡೆಯುವುದಿಲ್ಲ, ಬರೆದೇ ಕೊಡಬೇಕು.

'ಇನ್ ಅರಿಯರ್ಸ್' ಬಗ್ಗೆ ಹೊಸಬರು ಗಾಬರಿಯಾಗುವುದು ಜಾಸ್ತಿ. ಸಂಬಳ 'ಪೇಯ್ಡ್ ಇನ್ ಅರಿಯರ್ಸ್' ಅಂತ ಬರೆದಿದ್ದರೆ ಬಾಕಿ ಉಳಿಸಿಕೊಳ್ಳುತ್ತಾರೆ ಅಂತಲ್ಲ. ಕೆಲಸ ಮಾಡಿದ ಅವಧಿ ಮುಗಿದ ಮೇಲೆ ಕೊಡುತ್ತಾರೆ ಅಂತ, ಅಷ್ಟೇ. ಅದೇ ಮಾತು ಬಾಡಿಗೆದಾರರ ಬಗ್ಗೆ ಬಂದರೆ ಬಾಡಿಗೆ ಬಾಕಿ ಇದೆ ಅಂತಲೇ ಅರ್ಥ, ಅದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಅಕ್ಷರ ಅವೇ, ಯಾವ ಕಾಗದದಲ್ಲಿ ಇವೆ ಅನ್ನುವುದೇ ಮುಖ್ಯ.

ನೀವು ಬ್ರಿಟನ್ನಿಗೆ ಹೊರಟಿದ್ದೀರೋ, ಅಮೆರಿಕಕ್ಕೋ, ಇನ್ನೆಲ್ಲಿಗೋ ಬರೆದಿಲ್ಲ. ಅದರಿಂದಲೂ ಕೆಲವು ಬದಲಾಗುತ್ತವೆ. ಬ್ರಿಟನ್ನಿನಲ್ಲಿ 'ಅಟ್ ದ ವೀಕೆಂಡ್', ಅಮೆರಿಕದಲ್ಲಿ 'ಆನ್ ದ ವೀಕೆಂಡ್'. ಬ್ರಿಟನ್ನಿನಲ್ಲಿ ಫಾರ್ಮ್ 'ಫಿಲ್ ಇನ್', ಅಮೆರಿಕದಲ್ಲಿ 'ಫಿಲ್ ಔಟ್'. ಬ್ರಿಟನ್ನಿನಲ್ಲಿ 'ಇನ್ ಹಾಸ್ಪಿಟಲ್' ಅಂದರೆ ದಾಖಲಾದ ರೋಗಿ. ಅಮೆರಿಕದವರು ಅದಕ್ಕೂ 'ಇನ್ ದ ಹಾಸ್ಪಿಟಲ್' ಅನ್ನುತ್ತಾರೆ. 'ಫಾರ್ ಸೇಲ್' ಎರಡೂ ಕಡೆ ಮಾರಾಟಕ್ಕಿದೆ ಅಂತ. 'ಆನ್ ಸೇಲ್' ಅಂದರೆ ಬ್ರಿಟನ್ನಿನಲ್ಲಿ ಕೊಳ್ಳಲು ಸಿಗುತ್ತಿದೆ ಅಂತ, ಅಮೆರಿಕದಲ್ಲಿ ಸಾಮಾನ್ಯವಾಗಿ ಬೆಲೆ ಇಳಿಸಿದ್ದಾರೆ ಅಂತ. 'ಆನ್ ಪ್ರೊಬೇಷನ್' ಬ್ರಿಟನ್ನಿನ ಆಫೀಸಿನಲ್ಲಿ ಹೊಸ ಕೆಲಸದ ಪರೀಕ್ಷಾ ಅವಧಿ. ಅಮೆರಿಕದಲ್ಲಿ ಸುಮ್ನೆ ಹಾಗಂದರೆ ಕೋರ್ಟು ಶಿಕ್ಷೆಯ ನೆನಪಾಗಬಹುದು, ಆದ್ದರಿಂದ ಹೊಸದಾಗಿ ಸೇರಿದ್ದೇನೆ ಅನ್ನುವುದೇ ಒಳ್ಳೆಯದು.

ಓದುವುದು ಬರುತ್ತೆ, ಕೇಳಿದರೆ ತಿಳಿಯಲ್ಲ ಅಂತಲೂ ಬರೆದಿದ್ದಿರಿ. ನಿಮ್ಮ ಕಿವಿಯಲ್ಲೇನೂ ಕೊರತೆ ಇಲ್ಲ. ನಾವು ಅಕ್ಷರ ಅಕ್ಷರಕ್ಕೂ ಜಾಗ ಕೊಟ್ಟು ಮಾತಾಡುವವರು. ಅವರು ಮುಖ್ಯ ಪದಕ್ಕೆ ಒತ್ತು ಕೊಟ್ಟು ಪ್ರಿಪೊಸಿಷನ್ ನುಂಗಿಬಿಡುತ್ತಾರೆ. ಟು ಎಂಬುದು 'ಟ' ಆಗುತ್ತದೆ, ಫಾರ್ 'ಫ' ಅಥವಾ 'ಫರ್' ಆಗುತ್ತದೆ, 'ಲಾಟ್ ಆಫ್' ಎಂಬುದು 'ಲಾಟ' ಆಗಿ ಮುಗಿಯುತ್ತದೆ. ಇಡೀ ನುಡಿಗಟ್ಟು ಮೊದಲೇ ಗೊತ್ತಿದ್ದರೆ ನುಂಗಿದ್ದನ್ನು ನಿಮ್ಮ ಮನಸ್ಸೇ ತುಂಬಿಕೊಳ್ಳುತ್ತದೆ. ಒಂಟಿ ಪದ ಕಲಿಯಬೇಡಿ, ಗುಂಪಿನಲ್ಲೇ ಕಲಿಯಿರಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಒಂದು ಸುಳಿವು ಕೊಡುತ್ತೇನೆ: ಪುಟ್ಟ ಪದಕ್ಕೇ ಒತ್ತು ಬಿತ್ತು ಅಂದರೆ ಅರ್ಥ ಹೆಚ್ಚಾಗಿ ಅಲ್ಲೇ ಇರುತ್ತದೆ. ಮೀಟಿಂಗ್ 'ಕಾಲ್ಡ್ ಆಫ್' ಅಂದರೆ ರದ್ದು. 'ಪುಟ್ ಆಫ್' ಅಂದರೆ ಮುಂದಕ್ಕೆ ಹೋಯಿತು. ಇವು ಎರಡು ಎಫ್ ಇರುವ ಆಫ್, ಸ್ಪಷ್ಟವಾಗಿ ಕೇಳುತ್ತದೆ. ಒಂದೇ ಎಫ್ ಇರುವುದು 'ಅವ್' ಅಂತ ಮೆಲ್ಲಗೆ ಬಂದು ಹೋಗುತ್ತದೆ.

ಫೋನಿನಲ್ಲಿ ಇದು ಇನ್ನೂ ಕಷ್ಟ, ಮುಖ ಕಾಣುವುದಿಲ್ಲ ಅಲ್ವಾ? ಆದರೆ ಅಲ್ಲಿ ಬರುವ ಮಾತು ಮತ್ತೆ ಮತ್ತೆ ಅವೇ. 'ಬೇರ್ ವಿತ್ ಮಿ' ಅಂದರೆ ಸ್ವಲ್ಪ ತಾಳಿ. 'ಪುಟ್ ಯು ಆನ್ ಹೋಲ್ಡ್' ಅಂದರೆ ಕಾಯಿಸುತ್ತೇನೆ, ಇಡಬೇಡಿ. 'ಪುಟ್ ಯು ಥ್ರೂ ಟು' ಅಂದರೆ ಇನ್ನೊಬ್ಬರಿಗೆ ಕೊಡುತ್ತೇನೆ. ಡಾಕ್ಟರ ಹತ್ತಿರವೂ ಹಾಗೇ. 'ಆರ್ ಯು ಆನ್ ಎನಿ ಮೆಡಿಕೇಷನ್' ಅಂದರೆ ಈಗ ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ ಅಂತ. 'ಶಾರ್ಟ್ ಆಫ್ ಬ್ರೆತ್' ಅಂದರೆ ಉಸಿರು ಕಟ್ಟಿದ ಹಾಗೆ ಆಗುವುದು, ಇದನ್ನು ಇವತ್ತೇ ಕಲಿತಿಡಿ. ಮಾತ್ರೆಯ ಡಬ್ಬಿಯ ಮೇಲೆ 'ಟೂ ಅಟ್ ಎ ಟೈಮ್' ಅಂದರೆ ಒಂದು ಸಲಕ್ಕೆ ಎರಡು. 'ಅಪ್ ಟು ಫೋರ್ ಟೈಮ್ಸ್ ಎ ಡೇ' ಅಂದರೆ ದಿನಕ್ಕೆ ಹೆಚ್ಚೆಂದರೆ ನಾಲ್ಕು ಸಲ. ನಾಲ್ಕು ಸಲ ತೆಗೆದುಕೊಳ್ಳಲೇಬೇಕು ಅಂತಲ್ಲ, ಅದನ್ನು ಮೀರಬಾರದು ಅಂತ.

ಕಲಿಯುವುದಕ್ಕೆ ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ಲರ್ನರ್ಸ್ ಡಿಕ್ಷನರಿ ಇಟ್ಟುಕೊಳ್ಳಿ, ಅಂತರ್ಜಾಲದಲ್ಲಿ ಪುಕ್ಕಟೆಯಾಗೇ ಸಿಗುತ್ತವೆ. ಡಿಪೆಂಡ್ ಅಂತ ಹುಡುಕಿದರೆ ಜೊತೆಗೇ ಆನ್ ಕೂಡ ತೋರಿಸುತ್ತದೆ, ಇಡೀ ವಾಕ್ಯವೂ ಇರುತ್ತದೆ. ಆ ವಾಕ್ಯವನ್ನು ನಿಮ್ಮ ಬದುಕಿಗೆ ಹೊಂದಿಸಿ ಬರೆದು ಜೋರಾಗಿ ಓದಿ. ಅನುಮಾನ ಬಂದರೆ ಬ್ರಿಟಿಷ್ ನ್ಯಾಷನಲ್ ಕಾರ್ಪಸ್‌ನಲ್ಲಿ, ಅಂದರೆ ಜನ ನಿಜವಾಗಿ ಬರೆದ, ಆಡಿದ ಇಂಗ್ಲಿಷಿನ 10 ಕೋಟಿ ಪದಗಳ ಸಂಗ್ರಹದಲ್ಲಿ, ಎರಡು ರೂಪವನ್ನೂ ಹುಡುಕಿ. ಯಾವುದು ಹೆಚ್ಚು ಬಳಕೆಯಲ್ಲಿದೆ ಅಂತ ಕಣ್ಣೆದುರೇ ಗೊತ್ತಾಗುತ್ತದೆ.

ಹೊರಡುವ ಮುಂಚೆ ಆಫರ್ ಲೆಟರ್, ಬಾಡಿಗೆ ಕರಾರು ತೆಗೆದು ಕೂತು ಬೈ, ಅಂಟಿಲ್, ವಿದಿನ್, ಸಬ್ಜೆಕ್ಟ್ ಟು ಇರುವ ಸಾಲುಗಳಿಗೆಲ್ಲ ಗೆರೆ ಎಳೆಯಿರಿ. ಸಂಬಳ, ವಿಳಾಸ ಅಳಿಸಿ, ತಿಳಿಯದ ಸಾಲುಗಳನ್ನು ನನಗೆ ಕಳಿಸಿ. ಒಂದೊಂದಾಗಿ ನೋಡೋಣ. ಯಾವ ದೇಶ ಅಂತ ಈ ಸಲ ಮರೆಯದೆ ಬರೆಯಿರಿ.