ಕೆಂಪು ವೃತ್ತ ಬಂದ ಮೇಲೆ ಎಲ್ಲರಿಗೂ ಕಾಣುತ್ತೆ

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ನಾನು ಆಪ್ತಸಲಹೆಗಾರ್ತಿ. ಇದೇ ಸಂಕಟ ಹೊತ್ತು ನನ್ನ ಬಳಿ ಬರುವ ಡಾಕ್ಟರುಗಳು ಈಚೆಗೆ ಜಾಸ್ತಿ. ಅದಕ್ಕೇ ಬರೆಯುತ್ತಿದ್ದೇನೆ.

ಈಕೆ ರೇಡಿಯಾಲಜಿ, ಅಂದರೆ ಎಕ್ಸ್‌ರೇ, ಸ್ಕ್ಯಾನ್ ಓದುವ ವಿದ್ಯೆ, ಕಲಿಯುತ್ತಿದ್ದ ಡಾಕ್ಟರು. ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಓದುವುದನ್ನು ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡುತ್ತಿದ್ದರು. ಎಡ, ಬಲ ಸ್ತನದ ಚಿತ್ರಗಳು ಪಕ್ಕಪಕ್ಕ ಬರುತ್ತವೆ. ಮೇಲಿನಿಂದ ತೆಗೆದದ್ದು, ಓರೆಯಾಗಿ ತೆಗೆದದ್ದು. ಅನುಮಾನ ಬಂದ ಕಡೆ ಗುರುತು ಹಾಕಬೇಕು, ಎಷ್ಟು ಅನುಮಾನ ಅಂತ ಅಂಕ ಕೊಡಬೇಕು. ಆಮೇಲೆ ಉತ್ತರ ಬರುತ್ತೆ. ಬಿಟ್ಟುಹೋದ ಗಡ್ಡೆಯ ಸುತ್ತ ಕೆಂಪು ವೃತ್ತ.

ಆ ವೃತ್ತ ಇವರ ನಿದ್ದೆ ಕೆಡಿಸಿತ್ತು. ನಿಜವಾದ ಕೆಲಸದಲ್ಲೂ ಯಾವುದಕ್ಕೂ ಇರಲಿ ಅಂತ ಸಿಕ್ಕಸಿಕ್ಕವರನ್ನೆಲ್ಲ ಮರುತಪಾಸಣೆಗೆ ಕರೆಸತೊಡಗಿದ್ದರು. ಸೀನಿಯರ್‌ಗಳು ಗದರಿದ್ದರು.

ಒಂದು ಸಂಜೆ ಅವರೇ ಅಂದರು: "ಉತ್ತರ ಬಂದ ಮೇಲೆ ಆ ಕಲೆ ಎಷ್ಟು ಸ್ಪಷ್ಟ ಗೊತ್ತಾ ಮೇಡಂ? ಅಷ್ಟು ದೊಡ್ಡದು ಕಾಣದವಳು ಡಾಕ್ಟರಾ?"

"ನಾಳೆ ನೀವು ಓದೋ ಚಿತ್ರದ ಮೇಲೆ ವೃತ್ತ ಇರುತ್ತಾ?"

"ಇಲ್ಲ."

"ಅಭ್ಯಾಸದಲ್ಲಿ ಎಷ್ಟರಲ್ಲಿ ಕ್ಯಾನ್ಸರ್ ಇರುತ್ತೆ?"

"ಅರವತ್ತರಲ್ಲಿ ಇಪ್ಪತ್ತು ಇತ್ತು."

"ಸ್ಕ್ರೀನಿಂಗಿನಲ್ಲಿ, ಅಂದ್ರೆ ಲಕ್ಷಣ ಇಲ್ಲದವರ ಮಾಮೂಲಿ ತಪಾಸಣೆಯಲ್ಲಿ?"

"ಸಾವಿರಕ್ಕೆ ಐದಾರು," ಅಂದವರು ಅಲ್ಲೇ ನಿಂತರು. ಸ್ವಲ್ಪ ಹೊತ್ತಾದ ಮೇಲೆ, "ಅಂದ್ರೆ ಮೂರಕ್ಕೊಂದು ಅಂದುಕೊಂಡೇ ಎಲ್ಲರನ್ನೂ ನೋಡ್ತಿದ್ದೀನಿ, ಅಲ್ವಾ?" ಅಂತ ಕೇಳಿದರು. ನಾನು ಹೇಳಿಕೊಟ್ಟದ್ದು ಏನೂ ಇಲ್ಲ, ಲೆಕ್ಕ ಅವರಿಗೆ ಮೊದಲೇ ಗೊತ್ತಿತ್ತು. ಕಲಿಯಲು ಅನುಕೂಲವಾಗಲಿ ಅಂತಲೇ ಇಂಥ ಸೆಟ್‌ಗಳಲ್ಲಿ ಕ್ಯಾನ್ಸರ್ ಹೆಚ್ಚು ತುಂಬಿರುತ್ತಾರೆ. ಭಯ ಅದನ್ನು ಮರೆಸಿಬಿಟ್ಟಿತ್ತು.

"ನೀವು ಒಳ್ಳೆಯ ಡಾಕ್ಟರು, ಚಿಂತೆ ಬಿಡಿ ಅಂತ ಧೈರ್ಯ ಹೇಳಿ ಕಳಿಸಬಹುದಿತ್ತಲ್ಲ" ಅಂದರು ನನ್ನ ಸಹೋದ್ಯೋಗಿಯೊಬ್ಬರು. ಒಳ್ಳೆಯ ಡಾಕ್ಟರೋ ಅಲ್ಲವೋ ನನಗೇನು ಗೊತ್ತು? ಗಡ್ಡೆ ಬಿಟ್ಟುಹೋದರೆ ಒಬ್ಬರ ಜೀವಕ್ಕೆ ಕುತ್ತು, ಹಾಗಾಗಿ ಆ ಭಯಕ್ಕೆ ಕಾರಣ ಇದೆ. ಸುಮ್ನೆ ಸಮಾಧಾನ ಮಾಡಿದರೆ ಅದು ಮನೆಗೆ ಹೋಗುವ ಹೊತ್ತಿಗೆ ಕರಗಿರುತ್ತೆ. ಹಾಗಂತ ಎಲ್ಲರನ್ನೂ ಕರೆಸುವುದೂ ಸುರಕ್ಷಿತ ದಾರಿಯಲ್ಲ. ಏನೂ ಇಲ್ಲದ ಹೆಂಗಸು ದಿನಗಟ್ಟಲೆ ಹೆದರಿಕೊಂಡು ಕೂರುತ್ತಾಳೆ, ಕೆಲವೊಮ್ಮೆ ಬಯಾಪ್ಸಿ ಸೂಜಿಯನ್ನೂ ಚುಚ್ಚಿಸಿಕೊಳ್ಳುತ್ತಾಳೆ. ಅದನ್ನು ಆ ಡಾಕ್ಟರಿಗೆ ಮೆದುವಾಗಿ ಹೇಳಲಿಲ್ಲ, ನೇರವಾಗಿಯೇ ಹೇಳಿದೆ.

ಕೊಟ್ಟ ಸಲಹೆ ಚಿಕ್ಕದು. ಉತ್ತರ ತೆರೆಯುವ ಮೊದಲು ಏನು ಕಂಡಿತು, ಯಾಕೆ ಬಿಟ್ಟೆ ಅಂತ ಒಂದು ಸಾಲು ಬರೆದಿಡಿ. ವೃತ್ತ ನೋಡಿದ ಮೇಲೆ ಹುಟ್ಟುವ 'ಗೊತ್ತಿತ್ತು' ಅನ್ನುವ ಭಾವನೆ ನಿಜವೋ ಅಲ್ಲವೋ ಅನ್ನುವುದಕ್ಕೆ ಆ ಸಾಲೇ ಸಾಕ್ಷಿ. ಆಮೇಲೆ ಪ್ರತಿ ತಪ್ಪನ್ನೂ ವಿಂಗಡಿಸಿ. ರೇಡಿಯಾಲಜಿ ಸಂಶೋಧಕ ಕುಂಡೆಲ್ ಮತ್ತು ಸಂಗಡಿಗರು 1978ರಲ್ಲೇ, ಎದೆಯ ಎಕ್ಸ್‌ರೇ ಓದುವವರ ಕಣ್ಣೋಟ ಅಳೆದು ಇದನ್ನು ಮೂರಾಗಿ ಬಿಡಿಸಿದ್ದರು: ಕಣ್ಣೇ ಅತ್ತ ಹೋಗಲಿಲ್ಲ; ಹೋಯಿತು, ಗುರುತು ಹತ್ತಲಿಲ್ಲ; ಗುರುತು ಹತ್ತಿತು, ಪರವಾಗಿಲ್ಲ ಅಂತ ಬಿಟ್ಟೆ. ಮೊದಲನೆಯದಕ್ಕೆ ಚಿತ್ರವನ್ನು ದಿನವೂ ಒಂದೇ ಕ್ರಮದಲ್ಲಿ ನೋಡುವ ರೂಢಿ ಬೇಕು. ಎರಡನೆಯದಕ್ಕೆ ಅಂಥದ್ದೇ ಇನ್ನಷ್ಟು ಚಿತ್ರ ಬೇಕು. ಮೂರನೆಯದು ಒಬ್ಬರೇ ಕೂತು ಸರಿಮಾಡಿಕೊಳ್ಳುವಂಥದ್ದಲ್ಲ. ಇನ್ನೊಂದು ಮಾತೂ ಸೇರಿಸಿದೆ: ರಾತ್ರಿ ಡ್ಯೂಟಿ ಮುಗಿಸಿ ಬಂದು ಸ್ಕೋರ್ ನೋಡಬೇಡಿ. ಸುಸ್ತಾದ ಕಣ್ಣಿನ ಅಂಕ ನೋಡಿಕೊಂಡು ತಮ್ಮ ಬೆಲೆ ಕಟ್ಟುವವರನ್ನು ತುಂಬ ನೋಡಿದ್ದೇನೆ.

ವೈದ್ಯ ವಿದ್ಯೆಯಲ್ಲಿ ಆಪ್ತಸಲಹೆಗಾರ್ತಿಗೇನು ಕೆಲಸ ಅನ್ನುವವರಿದ್ದಾರೆ. ಚಿತ್ರ ಓದಲು ನಾನು ಕಲಿಸಲಿಲ್ಲ. ತಪ್ಪು ಮಾಡಿದವಳು ಅನ್ನುವ ಒಂದೇ ಗಂಟನ್ನು ಬಿಚ್ಚಿ ಬೇರೆಬೇರೆ ಮಾಡಲು ಹೇಳಿದೆ, ಅಷ್ಟೇ.

ಮುಂದಿನ ಸಲ ನೋಟ್‌ಬುಕ್ ಹಿಡಿದು ಬಂದರು. ಹೆಚ್ಚಿನವು ಮೂರನೆಯ ಗುಂಪಿನವೇ. ಕಂಡಿದ್ದನ್ನು ತಾವೇ ಬಿಟ್ಟಿದ್ದರು. ಆ ಚಿತ್ರಗಳನ್ನಷ್ಟೇ ಆರಿಸಿ, ಸೀನಿಯರ್ ಒಬ್ಬರ ಜೊತೆ ಕೂರಲು ವಾರಕ್ಕೊಂದು ಗಂಟೆ ಕೇಳಿ ಪಡೆದಿದ್ದರು.