ಐದೇ ಕಿಲೋಮೀಟರಿನ ದ್ವೀಪ, ಎದುರಿಗೆ ಗಾಳಿ

ಪ್ರಶ್ನೆ: ಮೇಡಂ, ನಾವು ನಾಲ್ವರು ಹಳೆಯ ಗೆಳತಿಯರು. ಸ್ಕಾಟ್ಲೆಂಡಿನ ಶೆಟ್ಲೆಂಡ್ ಕಡೆಯ ಫೌಲಾ, ಫೇರ್ ಐಲ್‌ನಂಥ ಪುಟ್ಟ ದ್ವೀಪಗಳನ್ನು ನಡೆದೇ ನೋಡುವ ಆಸೆ. ಉದ್ದ ಐದು ಕಿಲೋಮೀಟರ್ ಅಷ್ಟೇ ಅಲ್ವಾ, ಅರ್ಧ ದಿನ ಸಾಕು ಅಂತ ಮೂವರ ಲೆಕ್ಕ. ನಾನು ನಿಧಾನ ನಡೆಯುವವಳು. ಅವರಿಗೆ ಹೊರೆ ಆಗ್ತೀನೇನೋ ಅನ್ನೋ ಅಳುಕು. ಹೋಗಲೋ ಬೇಡವೋ?

ಉತ್ತರ: ಖಂಡಿತ ಹೋಗಿ. ಹೋದ ಮೇಲೆ ಎಲ್ಲರಿಗಿಂತ ಮುಂದೆ ನೀವೇ ನಡೆಯಿರಿ.

ಆ ಅರ್ಧ ದಿನದ ಲೆಕ್ಕವನ್ನು ಮೊದಲು ಮರೆತುಬಿಡಿ. ಫೌಲಾದ ಉದ್ದ ಐದು ಕಿಲೋಮೀಟರ್ ಇರಬಹುದು. ಆದರೆ ದಂಡೆ ನೇರವಾಗಿಲ್ಲ, ಒಳಗೆ ಹೊರಗೆ ಸುತ್ತಿ ಬಳಸಿ ಹೋಗುತ್ತದೆ. ಒಂದು ಕಡೆ ಕೇಮ್ ಎಂಬ ಬಂಡೆ ಕಡಲಿನಿಂದ 376 ಮೀಟರ್ ಎತ್ತರಕ್ಕೆ ಎದ್ದು ನಿಂತಿದೆ. ಇದರ ಜೊತೆಗೆ ಗಾಳಿಯ ಕಾಟ ಬೇರೆ. ಗಾಳಿಯ ವೇಗ ಎರಡರಷ್ಟಾದರೆ ಅದು ಮೈಯನ್ನು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಗಂಟೆಗೆ 40 ಕಿಲೋಮೀಟರ್ ಗಾಳಿಗೇ ಕೊಡೆ ಹಿಡಿಯೋದು ಕಷ್ಟ. 65 ದಾಟಿದರೆ ಒಂದೊಂದು ಹೆಜ್ಜೆಗೂ ಒದ್ದಾಡಬೇಕು. ಅದಕ್ಕೇ ಮೈಯಲ್ಲಿ ಕಸುವಿರುವ ಬೆಳಗಿನ ಹೊತ್ತು ಎದುರುಗಾಳಿಯ ಕಡೆ ನಡೆಯಿರಿ. ಸುಸ್ತಾಗಿ ವಾಪಸ್ ಬರುವಾಗ ಅದೇ ಗಾಳಿ ಬೆನ್ನಿಗಿರುತ್ತದೆ.

ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಜೋರು ಗಾಳಿಯಲ್ಲ, ಅದು ಗಕ್ಕನೆ ನಿಲ್ಲುವ ಗಳಿಗೆ. ಗಾಳಿಗೆ ಮೈ ಒರಗಿಸಿಕೊಂಡೇ ನಡೆಯುತ್ತಿರುತ್ತೇವೆ. ಅದು ನಿಂತ ಕೂಡಲೇ ಮುಗ್ಗರಿಸುತ್ತೇವೆ. ಬಂಡೆಯ ಅಂಚಿನಲ್ಲಿ ಹೀಗಾದರೆ ಮುಗಿಯಿತು. ಫೋಟೋದ ಆಸೆಗೂ ಅಂಚಿಗೆ ಹೋಗಬೇಡಿ. ಗಾಳಿ ನೆಲದ ಕಡೆಯಿಂದ ಕಡಲಿಗೆ ಬೀಸುತ್ತಿದ್ದರಂತೂ ಇನ್ನೂ ದೂರ ಇರಿ.

ಇನ್ನೊಂದು ವಿಷಯ, ಅಲ್ಲಿ ಮಾತು ಕೇಳಿಸುವುದಿಲ್ಲ. ಎರಡು ಮಾರು ದೂರದಲ್ಲಿರುವ ಗೆಳತಿ ಕೂಗಿದರೂ ಬಾಯಿ ಆಡೋದಷ್ಟೇ ಕಾಣುತ್ತದೆ. ನಾನು ನನ್ನ ಗೆಳತಿಯರ ಜೊತೆ ಹೋದಾಗ ನಾವು ಕೈಸನ್ನೆ ಮಾಡಿಕೊಂಡಿದ್ದೆವು. ಅಂಗೈ ಎತ್ತಿದರೆ ನಿಲ್ಲು, ತಲೆ ಮೇಲೆ ಕೈ ಇಟ್ಟರೆ ವಾಪಸ್ ಹೋಗೋಣ. ಯಾರು ತಲೆ ಮೇಲೆ ಕೈ ಇಟ್ಟರೂ ಯಾಕೆ ಅಂತ ಕೇಳುವಂತಿಲ್ಲ, ಎಲ್ಲರೂ ತಿರುಗಬೇಕು. ಒಮ್ಮೆ ಹಾಗೆ ಕೈ ಇಟ್ಟವಳು ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿಗಿತ್ತಿ. ಅವಳ ಬೆರಳುಗಳು ಚಳಿಗೆ ಮರಗಟ್ಟಿ ಜಾಕೆಟ್ಟಿನ ಜಿಪ್ ಎಳೆಯಲೂ ಆಗುತ್ತಿರಲಿಲ್ಲ. ನಾನೇ ಎಳೆದು ಮುಚ್ಚಿದೆ.

ನಿಮ್ಮ ನಿಧಾನದ ವಿಷಯಕ್ಕೆ ಬರುತ್ತೇನೆ. ನಮ್ಮ ಗುಂಪಿನಲ್ಲೂ ಮಂಡಿನೋವಿನವಳು ಒಬ್ಬಳಿದ್ದಾಳೆ. ಅವಳನ್ನು ಮುಂದೆ ಬಿಟ್ಟ ದಿನ ಯಾರೂ ಚದುರಲಿಲ್ಲ, ಯಾರಿಗೂ ಏದುಸಿರು ಬರಲಿಲ್ಲ. ಅವಳು ಕೂತಲ್ಲೆಲ್ಲ ನಾವೂ ಕೂತೆವು. ಒಂದು ಕಲ್ಲಿನ ಗೋಡೆಯ ಮರೆಯಲ್ಲಿ ಕೂತಾಗ ಕಲ್ಲುಗಳ ಸಂದಿನಿಂದ ಸಿಳ್ಳೆ ಕೇಳಿಸಿತು. ಗಾರೆ ಇಲ್ಲ, ಕಲ್ಲಿನ ಮೇಲೆ ಕಲ್ಲು ಅಷ್ಟೇ. ಸಂದುಗಳಲ್ಲಿ ಗಾಳಿ ಸೋಸಿಕೊಂಡು ಹೋಗುವುದರಿಂದಲೇ ಗೋಡೆ ಬೀಳದೆ ನಿಂತಿದೆ. ಪಕ್ಕದಲ್ಲಿ ಥ್ರಿಫ್ಟ್ ಎಂಬ ಗುಲಾಬಿ ಹೂವಿನ ಗಿಡ, ನೆಲಕ್ಕೆ ಅಂಟಿದ ಪುಟ್ಟ ದಿಂಬಿನ ಹಾಗೆ. ಬೆರಳು ಒಳಗೆ ಇಟ್ಟು ನೋಡಿದೆ. ಮೇಲೆ ಅಷ್ಟು ಗಾಳಿ ಇದ್ದರೂ ಎಲೆಗಳ ನಡುವೆ ಏನೂ ಅಲುಗುತ್ತಿರಲಿಲ್ಲ.

ಸ್ಕಾಟ್ಲೆಂಡಿನದೇ ಇನ್ನೊಂದು ದ್ವೀಪ ಸೇಂಟ್ ಕಿಲ್ಡಾದ ಜನ ಇದೇ ಗಾಳಿಯನ್ನು ಕೆಲಸಕ್ಕೆ ಹಚ್ಚಿದ್ದರು. ಅಲ್ಲಿ ಕ್ಲೀಟ್ ಎಂಬ ಸಾವಿರಕ್ಕೂ ಹೆಚ್ಚು ಕಲ್ಲುಗೂಡುಗಳಿವೆ. ಸಂದುಗಳಿಂದ ಗಾಳಿ ಆಡಿ, ಒಳಗಿಟ್ಟ ಹಕ್ಕಿಮಾಂಸ ಒಣಗಿ ಕೆಡದೆ ಉಳಿಯುತ್ತಿತ್ತು. 1930ರ ಆಗಸ್ಟ್ 29ರಂದು ಕೊನೆಯ 36 ಜನ ಆ ದ್ವೀಪ ಬಿಟ್ಟು ಹೊರಟರು. ಗೂಡುಗಳು ಇನ್ನೂ ನಿಂತಿವೆ.

ನೀವು ಫೌಲಾ ಕಡೆ ಮೇ, ಜೂನ್, ಜುಲೈಯಲ್ಲಿ ಹೋದರೆ ಸ್ಕುವಾ ಎಂಬ ಕಡಲಹಕ್ಕಿಗಳು ತಲೆಗೇ ಎರಗುತ್ತವೆ. ಅವುಗಳ ಮೊಟ್ಟೆ ನೆಲದ ಮೇಲಿರುತ್ತದೆ, ಪಾಪ. ಊರುಗೋಲನ್ನು ತಲೆಗಿಂತ ಮೇಲೆ ಎತ್ತಿ ಹಿಡಿಯಿರಿ, ಅವು ಎತ್ತರದ ತುದಿಗೆ ಬರುತ್ತವೆ. ಕಾಲ ಬುಡ ನೋಡಿಕೊಂಡು ಬೇಗ ಅಲ್ಲಿಂದ ಸರಿಯಿರಿ.

ವಾಪಸ್ ಬರಲು ಒಂದೆರಡು ದಿನ ಜಾಸ್ತಿ ಇಟ್ಟುಕೊಳ್ಳಿ. ಗಾಳಿ ಎದ್ದರೆ ದೋಣಿ ಬರುವುದಿಲ್ಲ, ಮಂಜು ಕವಿದರೆ ವಿಮಾನ ಇಳಿಯುವುದಿಲ್ಲ. ದಿನವೂ ತಗೊಳ್ಳೋ ಮಾತ್ರೆ ಇದ್ದರೆ ಅದನ್ನೂ ಅಷ್ಟು ದಿನಕ್ಕೆ ಹೆಚ್ಚಿಗೆ ಒಯ್ಯಿರಿ.

ಪ್ರಶ್ನೆ: ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ದ್ವೀಪಕ್ಕೆ ಕಡಲಿನಲ್ಲೇ ನಡೆದು ಹೋಗಬಹುದಂತೆ, ನಿಜವೇ?

ಉತ್ತರ: ನಿಜ. ನೀರು ಇಳಿದಾಗ ಮರಳಿನ ಮೇಲೆ ದಾರಿ ತೆರೆಯುತ್ತದೆ, ಸುಮಾರು ಐದು ಕಿಲೋಮೀಟರ್. ಉದ್ದಕ್ಕೂ ಮರದ ಕಂಬಗಳಿವೆ, ಅವನ್ನು ಬಿಟ್ಟು ಆಚೀಚೆ ಹೋಗಬೇಡಿ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ನೀರು ಇಳಿಯುವ ಹೊತ್ತು ದಿನಕ್ಕೆ 50 ನಿಮಿಷದಷ್ಟು ತಡವಾಗುತ್ತಾ ಹೋಗುತ್ತದೆ. ನಿನ್ನೆಯ ಸಮಯ ಇವತ್ತಿಗೆ ಆಗುವುದಿಲ್ಲ. ಆ ದಿನದ ವೇಳಾಪಟ್ಟಿ ನೋಡಿ, ನೀರು ಇನ್ನೂ ಇಳಿಯುತ್ತಿರುವಾಗಲೇ ಹೊರಡಿ. ಏರಲು ಶುರುವಾಗಿದ್ದರೆ ಆ ದಿನ ದಾಟುವುದು ಬೇಡ. ಸಿಕ್ಕಿಹಾಕಿಕೊಂಡವರು ಹತ್ತಿ ಕೂರಲೆಂದು ಅಲ್ಲಿ ಎತ್ತರದ ಕಾಲಿನ ಅಟ್ಟಣಿಗೆಗಳನ್ನು ಕಟ್ಟಿಟ್ಟಿದ್ದಾರೆ.