ವಿಂಡೋಸ್, ಮ್ಯಾಕ್, ಲಿನಕ್ಸ್: ಯಾವುದು ಸೇಫ್, ಯಾವುದು ಸುಲಭ?

ನಿಮ್ಮ ಹಳೆ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 10 ಇದೆ, ವಿಂಡೋಸ್ 11 ಹಾಕೋಕೆ ಹೋದರೆ ಈ ಕಂಪ್ಯೂಟರಿಗೆ ಆಗಲ್ಲ ಅನ್ನುತ್ತಿದೆ, ಅದನ್ನೇ ನಿಮ್ಮ ಅಮ್ಮನೂ ಬಳಸುತ್ತಾರೆ. ಹೊಸ ವಿಂಡೋಸ್ ಮಷೀನ್, ಮ್ಯಾಕ್, ಇಲ್ಲಾ ಇದಕ್ಕೇ ಲಿನಕ್ಸ್ (ವಿಂಡೋಸ್ ಬದಲು ಹಾಕಬಹುದಾದ, ಪುಕ್ಕಟೆ ಸಿಗುವ ಆಪರೇಟಿಂಗ್ ಸಿಸ್ಟಮ್), ಇವುಗಳಲ್ಲಿ ಯಾವುದು ಸೇಫ್, ಯಾವುದು ಸುಲಭ ಅಂತ ಕೇಳಿದ್ದೀರಿ. ಮೂರನ್ನೂ ನಾನು ವರ್ಷಗಟ್ಟಲೆ ಬಳಸಿದ್ದೇನೆ. ನೆಂಟರಿಷ್ಟರ ಕಂಪ್ಯೂಟರ್ ಸರಿ ಮಾಡಿಕೊಡುವ ಪುಕ್ಕಟೆ ಕೆಲಸವೂ ನನ್ನದೇ. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಮೊದಲು ನನ್ನದೇ ಒಂದು ಪೆದ್ದುತನ ಹೇಳಿಬಿಡುತ್ತೇನೆ. 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ ಯುಎಸಿ ಅಂತ ಒಂದು ಹೊಸ ಕಾವಲು ಬಂತು. ಯಾವುದೇ ಪ್ರೋಗ್ರಾಮ್ ಸಿಸ್ಟಮ್ಮಿಗೆ ಕೈ ಹಾಕುವ ಮುಂಚೆ ಪರದೆ ಮಬ್ಬಾಗಿ, ನಡುವೆ ಒಂದು ಡಬ್ಬಿ ಬಂದು "ಬಿಡಲಾ?" ಅಂತ ಕೇಳುತ್ತಿತ್ತು. ಮಾತು ಮಾತಿಗೂ ಕೇಳುತ್ತಿತ್ತು. ನನಗೆ ರೇಗಿ ಅದನ್ನು ಆಫ್ ಮಾಡಿಬಿಟ್ಟೆ. ಕೆಲವು ವಾರ ಆದಮೇಲೆ ಒಂದು ಗೇಮ್‌ನ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಆಡೋಕೆ ಅದರ ಬೀಗ ಮುರಿಯುವ ಪ್ರೋಗ್ರಾಮ್, ಓಡಿಸಿದೆ. ಯಾರೂ ಏನೂ ಕೇಳಲಿಲ್ಲ. ಕೇಳಬೇಡ ಅಂದವನೇ ನಾನಲ್ವಾ? ಸಂಜೆ ಹೊತ್ತಿಗೆ ಬ್ರೌಸರಿನಲ್ಲಿ ಯಾವುದೋ ಗೊತ್ತಿಲ್ಲದ ಪುಟ ತೆರೆಯುತ್ತಿತ್ತು, ಟಾಸ್ಕ್ ಮ್ಯಾನೇಜರ್ ತೆರೆಯುತ್ತಲೇ ಇರಲಿಲ್ಲ. ಫಾರ್ಮ್ಯಾಟ್ ಮಾಡಬೇಕಾಯಿತು. ಬ್ಯಾಕಪ್ ಇರಲಿಲ್ಲ, ಒಂದು ವರ್ಷದ ಫೋಟೋಗಳು ಹೋದವು.

ತಪ್ಪು ನನ್ನದೇ. ಆದರೆ ಆವತ್ತಿನಿಂದ ಯಾವ ಸಿಸ್ಟಮ್ ನೋಡಿದರೂ ನಾನು ಕೇಳುವುದು ಒಂದೇ: ನನಗೆ ಸೋಮಾರಿತನ ಬಂದ ದಿನ ಇದು ನನ್ನನ್ನು ಎಷ್ಟು ಕಾಯುತ್ತದೆ? ಸೇಫ್ ಬೇರೆ, ಸುಲಭ ಬೇರೆ ಅಂತ ಎರಡು ಅಂಕಣ ಹಾಕಿ ಮಾರ್ಕ್ಸ್ ಕೊಡೋಕೆ ಆಗಲ್ಲ. ಕಷ್ಟ ಆದ ಕಾವಲನ್ನು ಜನ ಕಿತ್ತು ಹಾಕುತ್ತಾರೆ. ಮೈಕ್ರೋಸಾಫ್ಟ್‌ಗೂ ಇದು ಅರ್ಥ ಆಗಿರಬೇಕು, 2009ರ ವಿಂಡೋಸ್ 7ರಲ್ಲಿ ಆ ಡಬ್ಬಿ ಬರುವುದನ್ನು ಕಡಿಮೆ ಮಾಡಿದರು.

ಈಗಿನ ವಿಂಡೋಸ್ ಜನ ಬೈಯುವಷ್ಟು ಕೆಟ್ಟದಾಗಿಲ್ಲ. ಡಿಫೆಂಡರ್ ಅದರ ಜೊತೆಗೇ ಬರುತ್ತದೆ, ಮನೆ ಬಳಕೆಗೆ ಅಷ್ಟು ಸಾಕು. ದುಡ್ಡು ಕೊಟ್ಟು ಬೇರೆ ಆಂಟಿವೈರಸ್ ಹಾಕಿಸುವುದು ದಂಡ ಅಂತ ನನ್ನ ಅಭಿಪ್ರಾಯ. ಮೇಜಿನ ಮೇಲಿನ ಕಂಪ್ಯೂಟರುಗಳಲ್ಲಿ ಹೆಚ್ಚಿನವು ವಿಂಡೋಸ್, ಆದ್ದರಿಂದ ಕಳ್ಳರ ಕಣ್ಣೂ ಅದರ ಮೇಲೇ ಜಾಸ್ತಿ. ಆದರೂ ವಾನಾಕ್ರೈ ಕಥೆ ನೆನಪಿಡಿ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುತ್ತಿದ್ದ ವೈರಸ್ ಅದು. ಅದು ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟ್ 2017ರ ಮಾರ್ಚ್ 14ಕ್ಕೇ ಬಂದಿತ್ತು. ವಾನಾಕ್ರೈ ಹರಡಿದ್ದು ಮೇ 12ಕ್ಕೆ. ನಡುವೆ ಹತ್ತಿರ ಹತ್ತಿರ ಎರಡು ತಿಂಗಳು "ಆಮೇಲೆ ಮಾಡೋಣ" ಅಂತ ರೀಸ್ಟಾರ್ಟ್ ಮುಂದೂಡಿದವರು ಎಷ್ಟೋ ಜನ.

ವಿಂಡೋಸ್ ಬಗ್ಗೆ ನನಗಿರುವ ನಿಜವಾದ ಸಿಟ್ಟು ಬೇರೆ. ಅದು ಫೈಲ್ ಹೆಸರಿನ ಬಾಲವನ್ನು, ಅಂದರೆ ಅದು ಯಾವ ಬಗೆಯ ಫೈಲ್ ಅಂತ ಹೇಳುವ ಕೊನೆಯ ಅಕ್ಷರಗಳನ್ನು, ಮುಚ್ಚಿಡುತ್ತದೆ. 2000ನೇ ಇಸವಿಯ ಮೇ ತಿಂಗಳಲ್ಲಿ ಐ ಲವ್ ಯೂ ಅನ್ನುವ ವೈರಸ್ ಇಮೇಲ್‌ನಲ್ಲಿ ಹರಡಿತು. ಅದರ ಜೊತೆಗಿದ್ದ ಫೈಲಿನ ಹೆಸರಿನ ಕೊನೆಯಲ್ಲಿ ಮೊದಲು ಡಾಟ್ ಟಿಎಕ್ಸ್‌ಟಿ, ಅದರ ಬೆನ್ನಿಗೇ ಡಾಟ್ ವಿಬಿಎಸ್ ಇತ್ತು. ಕೊನೆಯ ಬಾಲ ಮುಚ್ಚಿದ್ದರಿಂದ ನೋಡುವವರಿಗೆ ಬರೀ ಪ್ರೇಮಪತ್ರದ ಟೆಕ್ಸ್ಟ್ ಫೈಲ್. ಒತ್ತಿದರೆ ಓಡುತ್ತಿದ್ದದ್ದು ಪ್ರೋಗ್ರಾಮ್. ಇಷ್ಟು ವರ್ಷ ಆದರೂ ವಿಂಡೋಸ್ ಹಾಕಿದ ಹೊಸತರಲ್ಲಿ ಈ ಬಾಲ ಮುಚ್ಚಿಯೇ ಇರುತ್ತದೆ. ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ ಅನ್ನುವ ಫೈಲ್ ನಿಮ್ಮ ಅಮ್ಮನಿಗೆ ಪಿಡಿಎಫ್ ಬಿಲ್ ಆಗಿಯೇ ಕಾಣುತ್ತದೆ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿಗೆ ಹೋಗಿ "ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್" ಎದುರು ಟಿಕ್ ಹಾಕಿ. ಇದನ್ನು ಇವತ್ತೇ ಮಾಡಿ, ಉಳಿದದ್ದು ಆಮೇಲೆ ಓದಿ.

ಮ್ಯಾಕ್ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಅದಕ್ಕೆ ಲ್ಯಾಪ್‌ಟಾಪೇ ಹೊಸದು ತರಬೇಕು. ಸೋಮಾರಿ ದಿನಕ್ಕೆ ಅದು ಒಳ್ಳೆಯದೇ. ಹೊರಗಿನಿಂದ ಇಳಿಸಿಕೊಂಡ ಆ್ಯಪ್ ಯಾರದು ಅಂತ ತಪಾಸಣೆ ಮಾಡುವ ಗೇಟ್‌ಕೀಪರ್ 2012ರಿಂದ ಇದೆ. ಸಿಸ್ಟಮ್ ಇರುವ ಭಾಗಕ್ಕೆ ಬೀಗ ಹಾಕಿದೆ, ನೀವಾಗಿ ಕೆಡಿಸಬೇಕು ಅಂದರೂ ಸುಲಭವಲ್ಲ. ಆದರೆ ಮ್ಯಾಕಿಗೆ ವೈರಸ್ಸೇ ಬರಲ್ಲ ಅನ್ನುವವರನ್ನು ನಂಬಬೇಡಿ. 2012ರಲ್ಲೇ ಫ್ಲ್ಯಾಶ್‌ಬ್ಯಾಕ್ ಅನ್ನುವುದು ಜಾವಾದ ತೂತಿನಿಂದ ಆರು ಲಕ್ಷಕ್ಕೂ ಹೆಚ್ಚು ಮ್ಯಾಕ್‌ಗಳಿಗೆ ಹೊಕ್ಕಿತ್ತು. 2017ರ ನವೆಂಬರ್‌ನಲ್ಲಿ ಇನ್ನೂ ತಮಾಷೆ. ಹೈ ಸಿಯೆರಾ ಅನ್ನುವ ಮ್ಯಾಕ್ ಆವೃತ್ತಿಯಲ್ಲಿ ಯೂಸರ್ ಹೆಸರಿನ ಜಾಗದಲ್ಲಿ "ರೂಟ್" ಅಂತ ಬರೆದು, ಪಾಸ್‌ವರ್ಡ್ ಖಾಲಿ ಬಿಟ್ಟು ಒಂದೆರಡು ಸಲ ಒತ್ತಿದರೆ ಇಡೀ ಮಷೀನ್ ಕೈಗೆ! ಮಾರನೇ ದಿನವೇ ಸರಿ ಮಾಡಿದರು ಅನ್ನಿ.

ಇನ್ನು ಲಿನಕ್ಸ್. ಅದು ಸೇಫ್ ಅನ್ನುವುದಕ್ಕೆ ಜನ ಕೊಡುವ ಕಾರಣ "ವೈರಸ್ ಇಲ್ಲ" ಅಂತ. ನನ್ನ ಪ್ರಕಾರ ಕಾರಣ ಅದಲ್ಲ. ಅಲ್ಲಿ ಪ್ರೋಗ್ರಾಮ್ ಹುಡುಕಿಕೊಂಡು ನೀವು ಅಂಡಲೆಯಬೇಕಿಲ್ಲ. ಲಿನಕ್ಸ್‌ನ ಬಗೆಗಳಾದ ಉಬುಂಟು ಆಗಲಿ ಮಿಂಟ್ ಆಗಲಿ, ಬೇಕಾದದ್ದೆಲ್ಲ ಅವರದೇ ಉಗ್ರಾಣದಿಂದ, ಅವರ ಮುದ್ರೆ ಬಿದ್ದು ಬರುತ್ತದೆ. ಅಪ್‌ಡೇಟ್ ಒತ್ತಿದರೆ ಸಿಸ್ಟಮ್ ಜೊತೆಗೆ ಬ್ರೌಸರ್, ಆಫೀಸ್, ಪಿಡಿಎಫ್ ಓದುವ ಪ್ರೋಗ್ರಾಮ್ ಎಲ್ಲವೂ ಹೊಸದಾಗುತ್ತವೆ. ಸುಮ್ನೆ ಡೌನ್‌ಲೋಡ್ ಬಟನ್ ಕಂಡಲ್ಲೆಲ್ಲ ಒತ್ತುವ ಅಭ್ಯಾಸವೇ ತಪ್ಪುತ್ತದೆ.

ಹಾಗಂತ ಆ ಉಗ್ರಾಣಕ್ಕೂ ಕನ್ನ ಹಾಕೋಕೆ ಬಂದವರಿದ್ದಾರೆ. ಎಕ್ಸ್‌ಝಡ್ ಅಂತ ಫೈಲ್ ಕುಗ್ಗಿಸುವ ಒಂದು ಸಣ್ಣ ಸಾಧನ ಇದೆ. ಹೆಚ್ಚುಕಮ್ಮಿ ಎಲ್ಲ ಲಿನಕ್ಸ್‌ನಲ್ಲೂ ಇರುತ್ತದೆ. ಅದನ್ನು ನೋಡಿಕೊಳ್ಳುತ್ತಿದ್ದವರಿಗೆ ಸಹಾಯ ಮಾಡುವ ನೆಪದಲ್ಲಿ ಯಾರೋ ಒಬ್ಬರು ಎರಡು ವರ್ಷಕ್ಕೂ ಮೀರಿ ತಾಳ್ಮೆಯಿಂದ ವಿಶ್ವಾಸ ಗಳಿಸಿ, ಕೊನೆಗೆ ಒಳಗೆ ಕಳ್ಳ ಬಾಗಿಲು ಇಟ್ಟರು. ಸಿಕ್ಕಿಬಿದ್ದದ್ದು 2024ರ ಮಾರ್ಚ್‌ನಲ್ಲಿ. ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರ್‌ಗೆ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ನೆಟ್‌ವರ್ಕ್ ಮೂಲಕ ಹೊಗುವ ದಾರಿ) ಲಾಗಿನ್ ಅರ್ಧ ಸೆಕೆಂಡ್ ತಡ ಅನ್ನಿಸಿತಂತೆ. ಅರ್ಧ ಸೆಕೆಂಡ್! ಅದರ ಬೆನ್ನು ಹತ್ತಿ ಹೋದಾಗ ಎಲ್ಲ ಬಯಲಾಯಿತು. ಆ ಹೊತ್ತಿಗೆ ಅದು ಹೆಚ್ಚಾಗಿ ಪರೀಕ್ಷಾ ಆವೃತ್ತಿಗಳಿಗೆ ಮಾತ್ರ ತಲುಪಿತ್ತು, ಜನ ದಿನಾ ಬಳಸುವ ಆವೃತ್ತಿಗಳು ಬಚಾವಾದವು. ಕೋಡ್ ತೆರೆದಿದ್ದರಿಂದ ಅವರು ನೋಡಲು ಆಯಿತು, ಕಳ್ಳನೂ ಅದೇ ಬಾಗಿಲಿಂದ ಬಂದಿದ್ದ. (ಫ್ರಾಯಿಂಡ್ ಕೆಲಸ ಮಾಡುತ್ತಿದ್ದದ್ದು ಮೈಕ್ರೋಸಾಫ್ಟ್‌ನಲ್ಲಿ, ಅದು ಬೇರೆ ಮಾತು.)

ಸುಲಭದ ಮಾತಿಗೆ ಬಂದರೆ ನಮ್ಮ ಚಿಕ್ಕಪ್ಪನ ಕಥೆ ಹೇಳಬೇಕು. ಅವರ ಹಳೆ ಲ್ಯಾಪ್‌ಟಾಪಿಗೆ ಮಿಂಟ್ ಹಾಕಿಕೊಟ್ಟೆ. ಎರಡು ವರ್ಷ ಒಂದೇ ಒಂದು ಫೋನ್ ಬರಲಿಲ್ಲ. ಆಮೇಲೆ ಒಂದು ಸ್ಕ್ಯಾನರ್ ತಂದರು. ಅದರ ಕಂಪನಿ ಕೊಟ್ಟಿದ್ದ ಸಾಫ್ಟ್‌ವೇರ್ ವಿಂಡೋಸ್‌ಗೆ ಮಾತ್ರ. ಚಿಕ್ಕಪ್ಪ ತಾವೇ ನೆಟ್‌ನಲ್ಲಿ ಹುಡುಕಿ, ಎಲ್ಲೋ ಸಿಕ್ಕ ಒಂದು ಸಾಲು ತಂದು ಟರ್ಮಿನಲ್‌ಗೆ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಗೆ, ಅಂಟಿಸಿದ್ದಾರೆ. "ಅದೇನೋ ಪಾಸ್‌ವರ್ಡ್ ಕೇಳ್ತು ಕಣೋ, ಕೊಟ್ಟೆ" ಅಂದರು. ಹೋಗಿ ನೋಡಿದರೆ ಸಾಲಿನ ನಡುವೆ ಸುಡೋ. ಅಂದರೆ, ಯಾರೋ ಗೊತ್ತಿಲ್ಲದವರ ಸ್ಕ್ರಿಪ್ಟ್ ಇಳಿಸಿಕೊಂಡು ಪೂರ್ತಿ ಅಧಿಕಾರ ಕೊಟ್ಟು ಓಡಿಸು ಅಂತ. ಪುಣ್ಯಕ್ಕೆ ಏನೂ ಆಗಿರಲಿಲ್ಲ, ಸ್ಕ್ಯಾನರೂ ಓಡಲಿಲ್ಲ. ನಾನು ವಿಸ್ಟಾದಲ್ಲಿ ಮಾಡಿದ್ದನ್ನೇ ಅವರು ಲಿನಕ್ಸ್‌ನಲ್ಲಿ ಮಾಡಿದ್ದರು.

ಕ್ಯೂಬ್ಸ್ ಅಂತ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಇದೆ, ಒಂದೊಂದು ಕೆಲಸಕ್ಕೂ ಒಂದೊಂದು ಪ್ರತ್ಯೇಕ ಕಂಪ್ಯೂಟರ್ ಇದ್ದ ಹಾಗೆ ಒಳಗೇ ಗೋಡೆ ಕಟ್ಟುತ್ತದೆ. ಬಹಳ ಭದ್ರ. ಒಂದು ಕೋಣೆಯಿಂದ ಇನ್ನೊಂದಕ್ಕೆ ಎರಡು ಪದ ಕಾಪಿ ಮಾಡಲೂ ಹೆಚ್ಚುವರಿ ಕೀ ಒತ್ತಬೇಕು. ಮೂರು ವಾರಕ್ಕೆ ನಾನು ಕೈ ಮುಗಿದೆ.

ನಿಮ್ಮ ಲ್ಯಾಪ್‌ಟಾಪಿಗೆ ಬರೋಣ. ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಮನೆ ಬಳಕೆಯವರು ಇಎಸ್‌ಯು ಯೋಜನೆಗೆ ಸೇರಿದರೆ ಇನ್ನೊಂದು ವರ್ಷ ಸೆಕ್ಯೂರಿಟಿ ಅಪ್‌ಡೇಟ್ ಅಂತ ಘೋಷಿಸಿದ್ದರು, ಅದು ಕಾಲ ತಳ್ಳಲು ಮಾತ್ರ. ವಿಂಡೋಸ್ 11 ಬೇಡ ಅನ್ನುತ್ತಿರುವುದು ಬಹುಶಃ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇಲ್ಲದ್ದಕ್ಕೆ ಅಥವಾ ಪ್ರೊಸೆಸರ್ ಹಳೆಯದಾದದ್ದಕ್ಕೆ. ಆ ತಪಾಸಣೆ ತಪ್ಪಿಸಿ ಹಾಕುವ ಉಪಾಯಗಳಿವೆ, ಆದರೆ ಅಂಥ ಮಷೀನಿಗೆ ಅಪ್‌ಡೇಟ್ ಬಂದೇ ಬರುತ್ತದೆ ಅನ್ನುವ ಭರವಸೆ ಇಲ್ಲ. ಅಮ್ಮ ಬಳಸುವ ಕಂಪ್ಯೂಟರಿಗೆ ನಾನಂತೂ ಹಾಗೆ ಮಾಡುವುದಿಲ್ಲ.

ನಾನಾಗಿದ್ದರೆ ಮಿಂಟ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಆನ್ ಮಾಡಿ ನೋಡುತ್ತಿದ್ದೆ. ಇನ್‌ಸ್ಟಾಲ್ ಒತ್ತುವವರೆಗೆ ನಿಮ್ಮ ಡಿಸ್ಕನ್ನು ಅದು ಮುಟ್ಟುವುದಿಲ್ಲ. ವೈಫೈ, ಸೌಂಡ್, ಪ್ರಿಂಟರ್ ನೋಡಿ. ಆಮೇಲೆ ಅಮ್ಮನ ಕೈಗೆ ಮೌಸ್ ಕೊಟ್ಟು, ಅರ್ಧ ಗಂಟೆ ಬಾಯಿ ಬಿಡದೆ ಪಕ್ಕದಲ್ಲಿ ಕೂತಿರಿ. ಅವರ ಕೆಲಸ ಬ್ರೌಸರಿನಲ್ಲೇ ಮುಗಿಯುವುದಾದರೆ ಮಿಂಟ್ ಸಾಕು. ವಿಂಡೋಸ್‌ನಲ್ಲಿ ಮಾತ್ರ ಓಡುವ ಪ್ರೋಗ್ರಾಮ್ ಬೇಕೇ ಬೇಕು ಅಂತಾದರೆ ಗುದ್ದಾಡಬೇಡಿ, ವಿಂಡೋಸ್ 11 ಇರುವ ಮಷೀನ್ ತಗೊಳ್ಳಿ.

ಯಾವುದೇ ಆದರೂ ಫೋಟೋ, ಕಾಗದಪತ್ರ ಮೊದಲು ಬೇರೆ ಡಿಸ್ಕಿಗೆ ಹಾಕಿಡಿ. ಅಮ್ಮನಿಗೆ ಅಡ್ಮಿನ್ ಅಲ್ಲದ ಬೇರೆ ಅಕೌಂಟ್ ಮಾಡಿಕೊಡಿ. ಆಗ ಆ ಡಬ್ಬಿ ಬಂದಾಗ ಬರೀ "ಯೆಸ್" ಒತ್ತಿದರೆ ಮುಂದೆ ಹೋಗುವುದಿಲ್ಲ, ನಿಮ್ಮ ಪಾಸ್‌ವರ್ಡ್ ಬೇಕಾಗುತ್ತದೆ. ಅವರು ನಿಮ್ಮನ್ನು ಕರೆಯುತ್ತಾರೆ. ಪ್ರಿಂಟರ್ ಮಾಡೆಲ್ ನಂಬರ್ ತಿಳಿಸಿದರೆ, ಮಿಂಟ್‌ನಲ್ಲಿ ಓಡುತ್ತದಾ ಅಂತ ನಾನೂ ನೋಡಿ ಹೇಳುತ್ತೇನೆ.